ಲಂಪ್ ಇದ್ದಿಲು: ಚಿಕ್ಕದಾಗಿ ಹೊತ್ತಿಸಿ, ಉಸಿರಾಡಲು ಬಿಡಿ

ಪ್ರಶ್ನೆ: ನಾವು ಮೂಲತಃ ಕೊಡಗಿನವರು, ಈಗ ಟೆಕ್ಸಸ್‌ನ ಹ್ಯೂಸ್ಟನ್ ಹತ್ತಿರ ನೆಲೆಸಿದ್ದೇವೆ. ಲಾಕ್‌ಹಾರ್ಟ್‌ನಲ್ಲಿ ಬಾರ್ಬೆಕ್ಯೂ ತಿಂದು ಬಂದ ಮೇಲೆ ಮನೆಯಲ್ಲಿಯೇ ಮಾಡುವ ಆಸೆಯಾಗಿ 18 ಇಂಚಿನ ಬುಲೆಟ್ ಸ್ಮೋಕರ್ (ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ, ಗುಂಡಿನಾಕಾರದ ಎತ್ತರದ ಒಲೆ) ಕೊಂಡೆ. ಮೊದಮೊದಲು ಬ್ರಿಕೆಟ್, ಅಂದರೆ ಅಚ್ಚಿನಲ್ಲಿ ಒತ್ತಿದ ಇದ್ದಿಲ ಬಿಲ್ಲೆ ಬಳಸುತ್ತಿದ್ದೆ. ಅದರಲ್ಲಿ ಬೂದಿ ಹೆಚ್ಚೆಂದು ಗೆಳೆಯರೊಬ್ಬರು ಹೇಳಿದ್ದರಿಂದ ಲಂಪ್ ಇದ್ದಿಲು, ಅಂದರೆ ಮರದ ತುಂಡುಗಳ ಆಕಾರದಲ್ಲಿಯೇ ಇರುವ ಇದ್ದಿಲು ತಂದೆ. ಅಂದಿನಿಂದ ಕಷ್ಟ ಶುರುವಾಯಿತು. ಚಿಮ್ನಿ ಸ್ಟಾರ್ಟರ್ (ಇದ್ದಿಲು ಹೊತ್ತಿಸಿಕೊಳ್ಳುವ ಲೋಹದ ಕೊಳವೆ) ತುಂಬ ಕೆಂಡ ಮಾಡಿ ಸುರಿದರೆ ಕಾವು 325 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರುತ್ತದೆ. ಗಾಳಿಕಿಂಡಿಗಳನ್ನು ಮುಚ್ಚಿ ಇಳಿಸಿದರೆ ನಾಲ್ಕು ಗಂಟೆಯೊಳಗೆ ಬೆಂಕಿ ನಂದುತ್ತದೆ. ತೆರೆದು ನೋಡಿದರೆ ಎಷ್ಟೋ ಇದ್ದಿಲು ಹೊತ್ತಿಕೊಳ್ಳದೆ ಹಾಗೆಯೇ ಉಳಿದಿರುತ್ತದೆ. ಹಂದಿಯ ಭುಜದ ಮಾಂಸದ ಮೇಲೆ ಕಪ್ಪು ಪದರ ಕಟ್ಟುತ್ತದೆ, ಬಾಯಿಗಿಟ್ಟರೆ ಕಹಿ. ನಾನು ಎಲ್ಲಿ ತಪ್ಪುತ್ತಿದ್ದೇನೆ? ಇನ್ನೊಂದು ಮಾತು: ಮಳೆ ಬಂದಾಗ ಗ್ಯಾರೇಜಿನ ಬಾಗಿಲು ತೆರೆದಿಟ್ಟು ಒಳಗೇ ಮಾಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಗ್ಯಾರೇಜಿನಲ್ಲಿ ಬೇಡವೇ ಬೇಡ, ಬಾಗಿಲು ಪೂರ್ತಿ ತೆರೆದಿದ್ದರೂ ಬೇಡ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಸ್ಮೋಕರಿನಲ್ಲಿ ಗಾಳಿಯನ್ನು ಬಿಗಿ ಹಿಡಿದು ಉರಿಸುವುದರಿಂದ ಅದು ಇನ್ನಷ್ಟು ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಚಳಿ ಕಾಯಿಸಲು ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿಯೂ ಓದುತ್ತೇವೆ. ನಿಮ್ಮ ಗ್ಯಾರೇಜಿನ ಇನ್ನೊಂದು ಬಾಗಿಲು ಮನೆಯೊಳಕ್ಕೆ ತೆರೆಯುವಂಥದ್ದಾದರೆ ಹತ್ತಾರು ಗಂಟೆ ಉರಿಯುವ ಬೆಂಕಿಯ ಗಾಳಿ ಎಲ್ಲಿಗೆ ನುಗ್ಗುತ್ತದೆ ಎಂದು ಯೋಚಿಸಿ. ಮಳೆಯ ಮುನ್ಸೂಚನೆ ಇದ್ದರೆ ಅಡುಗೆಯನ್ನು ಮುಂದಕ್ಕೆ ಹಾಕಿ. ಈ ವಿಷಯದಲ್ಲಿ ರಾಜಿ ಇಲ್ಲ.

ಇನ್ನು ಏರುವ ಕಾವು, ನಂದುವ ಬೆಂಕಿ, ಕಹಿಯಾಗುವ ಮಾಂಸ. ನಿಮಗೆ ಇವು ಮೂರು ತೊಂದರೆಗಳಾಗಿ ಕಾಣುತ್ತಿವೆ; ಮೂಲ ಒಂದೇ. ನೀವು ದೊಡ್ಡ ಬೆಂಕಿ ಹೊತ್ತಿಸಿ ಆಮೇಲೆ ಅದರ ಉಸಿರು ಕಟ್ಟುತ್ತಿದ್ದೀರಿ. ಉಸಿರು ಕಟ್ಟಿದ ಬೆಂಕಿ ಕೊಳಕು ಹೊಗೆಯನ್ನು ಬಿಡುತ್ತದೆ, ಕೊನೆಗೆ ಸಾಯುತ್ತದೆ. ನಿಮಗೆ ಬೇಕಾದದ್ದು ಮೊದಲಿನಿಂದಲೇ ಚಿಕ್ಕದಾಗಿದ್ದು ಸರಾಗವಾಗಿ ಉಸಿರಾಡುವ ಬೆಂಕಿ. ಲಂಪ್ ಇದ್ದಿಲಿನಲ್ಲಿ ಅದು ಖಂಡಿತ ಸಾಧ್ಯ. ಆದರೆ ಕಡ್ಡಿ ಗೀರುವ ಮೊದಲು ಕೈ ಕಪ್ಪು ಮಾಡಿಕೊಂಡು ಇದ್ದಿಲನ್ನು ಆರಿಸಿ ಜೋಡಿಸಬೇಕು. ಬಹಳ ಜನ ಬಿಟ್ಟುಬಿಡುವುದು ಇದೇ ಕೆಲಸವನ್ನು.

ಗಾಳಿಯ ಲೆಕ್ಕ ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಒಂದು ಕಿಲೋ ಇಂಗಾಲ ಪೂರ್ತಿಯಾಗಿ ಉರಿಯಲು ಸುಮಾರು 11.5 ಕಿಲೋ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ 10 ಘನ ಮೀಟರಿಗೆ ಹತ್ತಿರ, ಸಣ್ಣದೊಂದು ಸ್ನಾನದ ಕೋಣೆಯಲ್ಲಿ ತುಂಬಿರುವಷ್ಟು. ಇಷ್ಟು ಗಾಳಿ ನಿಮ್ಮ ಸ್ಮೋಕರಿನ ತಳದ ಮೂರು ಕಿಂಡಿಗಳಿಂದ ಒಳಗೆ ಬಂದು ಮುಚ್ಚಳದ ಒಂದು ಕಿಂಡಿಯಿಂದ ಹೊರಗೆ ಹೋಗಬೇಕು. ಎಷ್ಟು ಗಾಳಿ ಒಳಗೆ ಬರುತ್ತದೆಯೋ ಅಷ್ಟೇ ಇದ್ದಿಲು ಉರಿಯುತ್ತದೆ. ಚಿಮ್ನಿ ತುಂಬ ಕೆಂಡವಿದ್ದಾಗ ಕಿಂಡಿ ಮುಚ್ಚಿದರೆ ಬರುವ ಅಲ್ಪ ಗಾಳಿಗೆ ಅಷ್ಟೂ ಕೆಂಡಗಳು ಬಾಯಿ ತೆರೆದು ನಿಲ್ಲುತ್ತವೆ, ಒಂದಕ್ಕೂ ಸಾಲುವುದಿಲ್ಲ. ನಾಲ್ಕಾರು ಕೆಂಡಗಳಷ್ಟೇ ಇದ್ದರೆ ಅದೇ ಗಾಳಿ ಅವುಗಳಿಗೆ ಧಾರಾಳವಾಗಿ ಸಾಕಾಗುತ್ತದೆ.

ಬ್ರಿಕೆಟ್‌ನಲ್ಲಿ ನಿಮಗೆ ಈ ತೊಂದರೆ ಕಾಣದೇ ಇದ್ದುದಕ್ಕೂ ಕಾರಣವಿದೆ. ಇದ್ದಿಲ ಪುಡಿಯನ್ನು ಪಿಷ್ಟದ ಅಂಟಿನಲ್ಲಿ ಕಲಸಿ ಅಚ್ಚಿಗೆ ಒತ್ತಿದ ಬಿಲ್ಲೆ ಅದು. ಹೆನ್ರಿ ಫೋರ್ಡ್ 1920ರ ದಶಕದಲ್ಲಿ ತನ್ನ ಕಾರು ತಯಾರಿಕೆಯಲ್ಲಿ ಉಳಿಯುತ್ತಿದ್ದ ಮರದ ಚೂರುಗಳಿಂದ ಮಿಷಿಗನ್‌ನಲ್ಲಿ ಬ್ರಿಕೆಟ್ ಮಾಡಿಸಿ ಮಾರಿದ ಮೇಲೆ ಅಮೆರಿಕದ ಹಿತ್ತಿಲುಗಳಲ್ಲಿ ಅದು ಬೇರೂರಿತು. ಎಲ್ಲವೂ ಒಂದೇ ಗಾತ್ರ, ಒಂದೇ ಸಾಂದ್ರತೆ. ಹೇಗೆ ಸುರಿದರೂ ನಡುವಿನ ಸಂದುಗಳು ಹೆಚ್ಚುಕಡಿಮೆ ಒಂದೇ ಸಮ. ಬೆಂಕಿ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟುತ್ತದೆ. ಬೂದಿಯೂ ಬೇಕಾದಷ್ಟು ಬರುತ್ತದೆ. ಅದು ಕೆಂಡವನ್ನು ಮುಚ್ಚಿ ಇನ್ನೂ ನಿಧಾನಿಸುತ್ತದೆ. ಲಂಪ್ ಹಾಗಲ್ಲ. ಓಕ್, ಹಿಕರಿ, ಮೇಪಲ್‌ನಂಥ ಗಟ್ಟಿ ಮರಗಳ ತುಂಡುಗಳನ್ನು ಗಾಳಿಯಾಡದಂತೆ ಕಾಯಿಸಿ ನೀರನ್ನೂ ಆವಿಯಾಗುವ ಅಂಶಗಳನ್ನೂ ಓಡಿಸಿದ ಮೇಲೆ ಉಳಿಯುವ ಇಂಗಾಲ ಇದು, ಮರದ ಆಕಾರದಲ್ಲಿಯೇ. ಚೀಲದೊಳಗೆ ತೆಂಗಿನಕಾಯಿ ಗಾತ್ರದಿಂದ ಹಿಡಿದು ಅಡಿಕೆ ಗಾತ್ರದವರೆಗೆ ಎಲ್ಲವೂ ಇರುತ್ತದೆ, ತಳದಲ್ಲಿ ಪುಡಿಯೂ. ಬೂದಿ ಬಹಳ ಕಡಿಮೆ, ಬೇಗ ಹೊತ್ತಿಕೊಳ್ಳುತ್ತದೆ, ಗಾಳಿ ಹೆಚ್ಚಿಸಿದರೆ ಕೂಡಲೇ ಮಾತು ಕೇಳುತ್ತದೆ. ಆದರೆ ಸುಮ್ಮನೆ ಸುರಿದರೆ ನಡುವೆ ದೊಡ್ಡ ದೊಡ್ಡ ಪೊಳ್ಳುಗಳು ಉಳಿಯುತ್ತವೆ. ನೋಡಲು ಪಾತ್ರೆ ತುಂಬಿದಂತೆ ಕಂಡರೂ ತೂಕದಲ್ಲಿ ಬ್ರಿಕೆಟ್‌ನಷ್ಟು ಇದ್ದಿಲು ಅದರಲ್ಲಿ ಹಿಡಿದಿರುವುದಿಲ್ಲ. ಪೊಳ್ಳಿನಲ್ಲಿ ಗಾಳಿ ಜೋರಾಗಿ ನುಗ್ಗುವುದರಿಂದ ಕಾವು ಏರುತ್ತದೆ. ಕೆಂಡ ಕರಗಿ ಪಕ್ಕದ ಇದ್ದಿಲಿನಿಂದ ದೂರವಾದಾಗ ಬೆಂಕಿ ದಾಟಲಾಗದೆ ನಂದುತ್ತದೆ. ನಿಮ್ಮ ಸ್ಮೋಕರಿನಲ್ಲಿ ಹೊತ್ತದ ಇದ್ದಿಲು ಉಳಿದಿರುವುದರ ಕಾರಣ ಅರ್ಧ ಇದು, ಇನ್ನರ್ಧ ಮುಚ್ಚಿದ ಕಿಂಡಿ.

ಆದ್ದರಿಂದ ಚೀಲವನ್ನು ನೇರವಾಗಿ ಸ್ಮೋಕರಿಗೆ ಸುರಿಯಬೇಡಿ. ಅಗಲವಾದ ತಗಡಿನ ತಟ್ಟೆಗೋ ಹಳೆಯ ರಟ್ಟಿನ ಮೇಲೋ ಸುರಿದು ಕೈಯಲ್ಲಿ ಆರಿಸಿ. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ ನೋಡಿ: ಚೆನ್ನಾಗಿ ಸುಟ್ಟ ಇದ್ದಿಲು ಒಡೆದ ಪಿಂಗಾಣಿಯ ಚೂರಿನಂತೆ ಟಣ್ಣೆನ್ನುತ್ತದೆ, ಮುರಿದರೆ ಒಳಗೂ ಹೊಳೆಯುವ ಕಪ್ಪು. ತಟ್ಟಿದಾಗ ಸೌದೆಯ ಹಾಗೆ ಮಂಕಾದ ಸದ್ದು ಬಂದರೆ, ಮುರಿದಾಗ ತಿರುಳು ಕಂದಾಗಿದ್ದರೆ, ಅದು ಅರೆಬೆಂದದ್ದು. ಅಂಥವು ಉರಿಯುವಾಗ ದಟ್ಟ ಬಿಳಿ ಹೊಗೆ ಬಿಡುತ್ತವೆ. ಬದಿಗಿಡಿ, ಮುಚ್ಚಳ ತೆರೆದು ಕೋಳಿ ಸುಡುವ ದಿನಕ್ಕೆ ಆಗುತ್ತದೆ. ಕೆಲವು ಚೀಲಗಳಲ್ಲಿ ಚೌಕಾಕಾರದ, ಅಂಚಿನಲ್ಲಿ ತೋಡು ಕೊರೆದ ತುಂಡುಗಳಿರುತ್ತವೆ. ಅವು ನೆಲಹಾಸಿನ ಹಲಗೆಯ ಚೂರುಗಳು. ಬರೀ ಮರವಾದರೆ ಅಡ್ಡಿಯಿಲ್ಲ. ಅಂಟು, ವಾರ್ನಿಷ್ ಬಳಿದದ್ದೋ ಅಲ್ಲವೋ ಎಂದು ಸುಟ್ಟ ಮೇಲೆ ತಿಳಿಯುವಂತಿಲ್ಲವಾದ್ದರಿಂದ ನಾನಂತೂ ಬಳಸುವುದಿಲ್ಲ. ಕಲ್ಲು, ತಂತಿಯ ತುಂಡು ಸಿಕ್ಕಿದರೆ ಎಸೆಯಿರಿ. ಕೊನೆಯಲ್ಲಿ ಉಳಿಯುವ ಪುಡಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ, ಅದೂ ಬೇಡ.

ಮರದ ಜಾತಿಯ ಬಗ್ಗೆ ಒಂದು ಮಾತು. ಟೆಕ್ಸಸ್‌ನಲ್ಲಿ ಮೆಸ್ಕೀಟ್ ಇದ್ದಿಲು ಅಗ್ಗವಾಗಿ ಸಿಗುತ್ತದೆ. ನಮ್ಮ ಬಯಲುಸೀಮೆಯ ತುಂಬ ಹಬ್ಬಿ, ಇದ್ದಿಲು ಸುಡುವವರಿಗೆ ಅನ್ನ ಕೊಟ್ಟಿರುವ ಬಳ್ಳಾರಿ ಜಾಲಿಯ ಹತ್ತಿರದ ಬಂಧು ಅದು. ಕಾವು ಅದ್ಭುತ. ಆದರೆ ಹೊತ್ತಿಕೊಳ್ಳುವಾಗ ಪಟಪಟನೆ ಸಿಡಿದು ಕಿಡಿ ಹಾರಿಸುತ್ತದೆ. ರೊಟ್ಟಿ ಸುಡುವುದಕ್ಕೋ ಕಬಾಬಿಗೋ ಸೊಗಸು. ರಾತ್ರಿಯಿಡೀ ಸೌಮ್ಯವಾಗಿ ಉರಿಯಬೇಕಾದ ಸ್ಮೋಕರಿಗೆ ಓಕ್‌ನ ಇದ್ದಿಲೇ ಮೇಲು.

ಈಗ ಜೋಡಣೆ. ನಿಮ್ಮ ಸ್ಮೋಕರಿನ ಇದ್ದಿಲ ಜಾಲರಿಯ ಸರಳುಗಳ ನಡುವಿನ ಸಂದು ಬ್ರಿಕೆಟ್‌ಗೆ ತಕ್ಕಂತೆ ಮಾಡಿದ್ದು. ಲಂಪ್‌ನ ಸಣ್ಣ ಕೆಂಡಗಳು ಅದರಲ್ಲಿ ಜಾರಿ ಬೂದಿಗೆ ಬಿದ್ದು ವ್ಯರ್ಥವಾಗುತ್ತವೆ. ಅಂಥದೇ ಇನ್ನೊಂದು ಜಾಲರಿಯನ್ನು ಅಡ್ಡಡ್ಡವಾಗಿ ಮೇಲಿಟ್ಟರೆ ಚೌಕುಳಿ ಕಿಂಡಿಗಳಾಗುತ್ತವೆ, ಏನೂ ಬೀಳುವುದಿಲ್ಲ. ಸಣ್ಣ ಖರ್ಚು, ದೊಡ್ಡ ಉಪಯೋಗ. ಅದರ ಮೇಲೆ ಇದ್ದಿಲನ್ನು ಸುತ್ತಲೂ ಹಿಡಿದಿಡುವ ತೂತಿನ ಲೋಹದ ಬಳೆ ಕೂರಿಸಿ ಮೊದಲು ದೊಡ್ಡ ತುಂಡುಗಳನ್ನು ಒಂದು ಪದರವಾಗಿ ಹಾಸಿ. ಕೆಳಗಿನಿಂದ ಗಾಳಿ ಬರಲು ದಾರಿ ಇರಬೇಕು. ತೆಂಗಿನಕಾಯಿ ಗಾತ್ರದವು ತೀರಾ ದೊಡ್ಡವು, ಸುತ್ತಿಗೆಯಿಂದ ಒಡೆದುಕೊಳ್ಳಿ. ಅದರ ಮೇಲೆ ಮುಷ್ಟಿ ಗಾತ್ರದವು, ಸಂದುಗಳಿಗೆ ನಿಂಬೆ ಗಾತ್ರದವು. ಪ್ರತಿ ಪದರ ಹಾಕಿದ ಮೇಲೂ ಬಳೆಯನ್ನು ಎರಡು ಕೈಯಲ್ಲಿ ಹಿಡಿದು ಅಲುಗಾಡಿಸಿ. ಇದ್ದಿಲು ಗಲಗಲನೆ ಕುಸಿದು ಒಂದಕ್ಕೊಂದು ತಾಗಿ ಕೂರುತ್ತದೆ. ಮೇಲೆ ಆದ ಜಾಗಕ್ಕೆ ಮತ್ತೆ ತುಂಬಿ. ಹೀಗೆ ಮಾಡಿದರೆ ಅದೇ ಬಳೆಯಲ್ಲಿ ಹಿಂದಿಗಿಂತ ಎಷ್ಟೋ ಹೆಚ್ಚು ಇದ್ದಿಲು ಹಿಡಿಯುವುದನ್ನು ನೀವೇ ನೋಡುತ್ತೀರಿ. ಭುಜದ ಮಾಂಸಕ್ಕೆ ಹತ್ತು ಗಂಟೆಗೂ ಮಿಕ್ಕಿ ಬೇಕಾಗುವುದರಿಂದ ಬಳೆಯನ್ನು ಪೂರ್ತಿ ತುಂಬಿಸಿಕೊಳ್ಳಿ. ಉಳಿದರೆ ನಷ್ಟವಿಲ್ಲ.

ತುಂಬುವಾಗ ನಡುಮಧ್ಯೆ ತಳ ಮೇಲು ಎರಡನ್ನೂ ಕತ್ತರಿಸಿದ, ಬಣ್ಣ ಬಳಿಯದ ತಗಡಿನ ಡಬ್ಬವೊಂದನ್ನು ನಿಲ್ಲಿಸಿ, ಸುತ್ತ ಇದ್ದಿಲು ಜೋಡಿಸಿ. ಚಿಮ್ನಿ ಸ್ಟಾರ್ಟರಿನ ಕಾಲು ಭಾಗದಷ್ಟು ಇದ್ದಿಲನ್ನು ಮಾತ್ರ ಹೊತ್ತಿಸಿ. ಸೀಮೆಎಣ್ಣೆಯಂಥ ದ್ರವ ಬೇಡ, ಒಂದೆರಡು ಕಾಗದದ ಉಂಡೆ ಸಾಕು. ಮೇಲಿನ ಅಂಚುಗಳಲ್ಲಿ ಬಿಳಿ ಬೂದಿ ಕಂಡು ಕೆಂಡ ನಿಗಿನಿಗಿ ಎನ್ನುವಾಗ ಡಬ್ಬದೊಳಕ್ಕೆ ಸುರಿದು, ಇಕ್ಕಳದಿಂದ ಡಬ್ಬವನ್ನು ಮೇಲಕ್ಕೆಳೆಯಿರಿ. ಈಗ ನಡುವೆ ಹಿಡಿಯಷ್ಟು ಕೆಂಡ, ಸುತ್ತಲೂ ತಣ್ಣಗಿನ ಇದ್ದಿಲು. ಬೆಂಕಿ ನಡುವಿನಿಂದ ಹೊರಕ್ಕೆ ಗಂಟೆಗಟ್ಟಲೆ ಹರಿಯುತ್ತಾ ಹೋಗುತ್ತದೆ. ಹೊತ್ತದ ಇದ್ದಿಲ ಮೇಲೆ ಸ್ವಲ್ಪವೇ ಕೆಂಡ ಇಡುವ ಈ ಕ್ರಮವನ್ನು ಬುಲೆಟ್ ಸ್ಮೋಕರಿನಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಸ್ಪರ್ಧೆಗಳಲ್ಲಿ ಅಡುಗೆ ಮಾಡುತ್ತಿದ್ದ ಜಿಮ್ ಮಿನಿಯನ್. ಅವರ ಹೆಸರಿನಿಂದಲೇ ಅದು ಪ್ರಸಿದ್ಧ. ಬುಲೆಟ್ ಸ್ಮೋಕರ್ ಇರುವವರು ಕಲಿಯಲೇಬೇಕಾದ ಒಂದೇ ವಿದ್ಯೆ ಎಂದರೆ ಇದು ಎಂದು ನಾನು ನಂಬುತ್ತೇನೆ.

ಮುಚ್ಚಳದ ಕಿಂಡಿ ಯಾವಾಗಲೂ ಪೂರ್ತಿ ತೆರೆದಿರಲಿ. ಅದನ್ನು ಮುಚ್ಚಿದರೆ ಹಳಸಿದ ಹೊಗೆ ಒಳಗೇ ಸುತ್ತಿ ಮಾಂಸದ ಮೇಲೆ ಕೂರುತ್ತದೆ. ಕಾವಿನ ಹತೋಟಿಯೆಲ್ಲ ತಳದ ಮೂರು ಕಿಂಡಿಗಳಲ್ಲಿ. ಆರಂಭದಲ್ಲಿ ಮೂರೂ ತೆರೆದಿರಲಿ. ಉಷ್ಣತೆ 200 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತಿದ್ದಂತೆ ಎರಡನ್ನು ಬಹುತೇಕ ಮುಚ್ಚಿ, ಮೂರನೆಯದನ್ನು ಅರ್ಧಕ್ಕೆ ತನ್ನಿ. 225ರಿಂದ 250, ಅಂದರೆ 107ರಿಂದ 121 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲಿ ನಿಂತರೂ ಸರಿ. 225ಕ್ಕೇ ನಿಲ್ಲಿಸಬೇಕೆಂಬ ಹಟ ಬೇಡ. ಕೆಳಗಿನಿಂದ ಮೇಲಕ್ಕೆ ಹೋಗುತ್ತಾ ಗುರಿ ಮುಟ್ಟಬೇಕು. ದಾಟಿದ ಮೇಲೆ ಹಿಂದಕ್ಕೆ ತರಲು ಹೋದರೆ ಮತ್ತೆ ಅದೇ ಉಸಿರುಕಟ್ಟುವಿಕೆ. ಕಿಂಡಿಯನ್ನು ಒಮ್ಮೆ ಸ್ವಲ್ಪ ಸರಿಸಿದರೆ ಕಾಲು ಗಂಟೆ ಕಾಯಿರಿ, ಅದರ ಪರಿಣಾಮ ಕಂಡ ಮೇಲೆಯೇ ಮತ್ತೆ ಕೈ ಹಾಕಿ. ನಡುವಿನ ನೀರಿನ ಬೋಗುಣಿಗೆ ಬಿಸಿನೀರು ತುಂಬಿಸಿ. ತಣ್ಣೀರು ಹಾಕಿದರೆ ಅದನ್ನು ಕಾಯಿಸಲೆಂದೇ ಇದ್ದಿಲು ಸವೆಯುತ್ತದೆ. ಬಿಸಿನೀರಾದರೆ ಏರುವ ಕಾವನ್ನು ಹಿಡಿದಿಡುವ ಕೆಲಸವನ್ನಷ್ಟೇ ಮಾಡುತ್ತದೆ. ಗಾಳಿ ಬೀಸುವ ದಿನ ಮುಕ್ಕಾಲು ಕಷ್ಟ ಗಾಳಿಯದೇ. ಬೀಸುವ ದಿಕ್ಕಿಗೆ ಹಲಗೆಯ ಮರೆ ಕಟ್ಟಿ, ಆ ಕಡೆಯ ಕಿಂಡಿಯನ್ನು ಮುಚ್ಚಿಡಿ.

ಕಹಿಯ ವಿಷಯಕ್ಕೆ ಬರುತ್ತೇನೆ. ಲಾಕ್‌ಹಾರ್ಟ್‌ನಲ್ಲಿ ನೀವು ನೋಡಿದ್ದು ಇದ್ದಿಲಲ್ಲ. ಅಲ್ಲಿನ ಹಳೆಯ ಅಂಗಡಿಗಳಲ್ಲಿ ಪೋಸ್ಟ್ ಓಕ್ ಮರದ ಸೌದೆ ದೊಡ್ಡ ಇಟ್ಟಿಗೆಯ ಒಲೆಗಳ ಬಾಯಲ್ಲಿ ಧಾರಾಳ ಗಾಳಿಯಲ್ಲಿ ಧಗಧಗಿಸುತ್ತದೆ. ಅಲ್ಲಿ ಕಾವೂ ಹೊಗೆಯೂ ಒಂದೇ ಸೌದೆಯಿಂದ. ನಿಮ್ಮ ಪುಟ್ಟ ಸ್ಮೋಕರಿನಲ್ಲಿ ಕೆಲಸ ಹಂಚಿಕೆಯಾಗಿದೆ. ಇದ್ದಿಲು ಕಾವು ಕೊಡುತ್ತದೆ, ಅಷ್ಟೇ. ಹೊಗೆಯ ಪರಿಮಳಕ್ಕೆ ಕಾರಣವಾದ ಗ್ವಾಯಕಾಲ್, ಸಿರಿಂಗಾಲ್‌ನಂಥ ಅಂಶಗಳು ಹುಟ್ಟುವುದು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಒಡೆದಾಗ. ಇದ್ದಿಲು ಮಾಡುವಾಗಲೇ ಅದರ ಬಹುಪಾಲು ಮುಗಿದುಹೋಗಿರುತ್ತದೆ. ಆದ್ದರಿಂದ ಪರಿಮಳಕ್ಕೆಂದು ಮುಷ್ಟಿ ಗಾತ್ರದ ಮೂರೋ ನಾಲ್ಕೋ ಮರದ ತುಂಡು ಬೇಕು. ಹಂದಿಮಾಂಸಕ್ಕೆ ಪೆಕಾನ್ ಬಹಳ ಚೆನ್ನ. ಟೆಕ್ಸಸ್‌ನ ರಾಜ್ಯವೃಕ್ಷ ಅದು, ನಿಮ್ಮಲ್ಲಿ ಎಲ್ಲೆಡೆ ಸಿಗುತ್ತದೆ. ಹಿಕರಿ, ಸೇಬಿನ ಮರವೂ ಆಗುತ್ತದೆ. ಒಂದನ್ನು ನಡುವಿನ ಕೆಂಡದ ಪಕ್ಕದಲ್ಲಿಯೇ ಇಟ್ಟು, ಉಳಿದವನ್ನು ಹೊರಕ್ಕೆ ಹೋಗುತ್ತಾ ಇದ್ದಿಲಿನಲ್ಲಿ ಅರ್ಧ ಹೂತಿಡಿ. ಬೆಂಕಿ ಹರಿದಂತೆ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ನೆನೆಸಬೇಡಿ. ಗಟ್ಟಿ ಮರ ಗಂಟೆಗಟ್ಟಲೆ ನೆನೆದರೂ ನೀರು ಮೇಲ್ಪದರ ದಾಟುವುದಿಲ್ಲ, ಅಷ್ಟು ನೀರು ಆವಿಯಾಗುವ ತನಕ ಬೆಂಕಿ ಬೆವರುತ್ತದೆ. ಹಸಿ ಸೌದೆಯ ಒಲೆ ಊದಿ ಕಣ್ಣು ಕೆಂಪಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊತ್ತಿಸಿದ ಮೊದಲ ಅರ್ಧ, ಮುಕ್ಕಾಲು ಗಂಟೆ ಮುಚ್ಚಳದ ಕಿಂಡಿಯಿಂದ ಬರುವ ಹೊಗೆಯನ್ನೇ ನೋಡುತ್ತಿರಿ. ಮೊದಲು ದಪ್ಪಗೆ, ಹಾಲಿನಂತೆ ಬೆಳ್ಳಗೆ ಬರುತ್ತದೆ. ಮೂಗಿಗೆ ಘಾಟು, ಕಣ್ಣಿಗೆ ಉರಿ. ಇದರಲ್ಲಿ ಉರಿಯದೆ ಉಳಿದ ಟಾರಿನ ಹನಿಗಳಿರುತ್ತವೆ. ನಿಮ್ಮ ಮಾಂಸದ ಮೇಲಿನ ಕಹಿ ಕಪ್ಪು ಪದರ ಇದೇ. ಆಮೇಲೆ ಹೊಗೆ ತೆಳುವಾಗುತ್ತದೆ, ಹಿಂದಿನ ಬೇಲಿ ಅದರ ಮೂಲಕ ಕಾಣಿಸುತ್ತದೆ, ಬೆಳಕಿಗೆ ಹಿಡಿದರೆ ತಿಳಿನೀಲಿ. ಆಗ ಅಂಗೈಯನ್ನು ಹೊಗೆಗೆ ಕ್ಷಣ ಒಡ್ಡಿ ಮೂಸಿ ನೋಡಿ. ಸಿಹಿಯಾದ ಮರದ ವಾಸನೆ ಬಂದರೆ ಮಾಂಸ ಇಡುವ ಹೊತ್ತಾಯಿತು, ಮಸಿಯ ವಾಸನೆ ಬಂದರೆ ಇನ್ನೂ ಕಾಯಬೇಕು. ಕೆಲವೊಮ್ಮೆ ಹೊಗೆ ಕಾಣಿಸುವುದೇ ಇಲ್ಲ, ಕಾವಿನ ಅಲೆಯಷ್ಟೇ ನಡುಗುತ್ತಿರುತ್ತದೆ. ಗಾಬರಿಯಾಗಿ ಇನ್ನಷ್ಟು ಮರ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ; ಪರಿಮಳ ಮಾಂಸಕ್ಕೆ ಸೇರುತ್ತಲೇ ಇರುತ್ತದೆ.

ಐದಾರು ಗಂಟೆ ಕಳೆದ ಮೇಲೆ ಕಿಂಡಿ ತೆರೆದಿದ್ದರೂ ಕಾವು ಇಳಿಯತೊಡಗಿದರೆ ಇದ್ದಿಲು ಮುಗಿದಿದೆ ಎಂದುಕೊಳ್ಳಬೇಡಿ. ಲಂಪ್‌ನಲ್ಲಿ ಕೆಳಗಿನ ಕೆಂಡ ಕರಗಿ ಮೇಲಿನ ಇದ್ದಿಲು ಸೇತುವೆ ಕಟ್ಟಿ ನಿಲ್ಲುವುದು ಸಾಮಾನ್ಯ. ಬದಿಯ ಬಾಗಿಲು ತೆರೆದು ಉದ್ದನೆಯ ಕಬ್ಬಿಣದ ಸರಳಿನಿಂದ ನಡುವಿಗೆ ಒಮ್ಮೆ ಮೆಲ್ಲಗೆ ತಿವಿಯಿರಿ. ಕುಸಿದ ಸದ್ದು ಕೇಳುತ್ತದೆ, ಕೆಲವೇ ನಿಮಿಷಗಳಲ್ಲಿ ಉಷ್ಣತಾ ಮಾಪಕದ ಮುಳ್ಳು ಮೇಲೇಳುತ್ತದೆ. ಕದಡಬೇಡಿ, ಬೂದಿ ಎದ್ದು ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ನಿಜವಾಗಿಯೂ ಇದ್ದಿಲು ಸಾಲದಿದ್ದರೆ ಚಿಮ್ನಿಯಲ್ಲಿ ಕೆಂಡ ಮಾಡಿಕೊಂಡೇ ಸೇರಿಸಿ.

ಮುಚ್ಚಳದ ಮೇಲಿನ ಮುಳ್ಳಿನ ಮಾಪಕವನ್ನು ನೆಚ್ಚಬೇಡಿ. ಮಾಂಸವಿರುವ ಜಾಲರಿಯ ಮಟ್ಟದಲ್ಲಿ ಕಾವು ಬೇರೆಯೇ ಇರುತ್ತದೆ. ಎರಡು ಕಡ್ಡಿಗಳಿರುವ ಡಿಜಿಟಲ್ ಮಾಪಕ ಕೊಂಡು ಒಂದನ್ನು ಜಾಲರಿಯ ಮೇಲೆ ಮಾಂಸದಿಂದ ಎರಡು ಬೆರಳು ದೂರದಲ್ಲಿ, ಇನ್ನೊಂದನ್ನು ಮೂಳೆಗೆ ತಾಗದಂತೆ ಮಾಂಸದೊಳಗೆ ಇಡಿ. ಒಳ ಉಷ್ಣತೆ 150ರಿಂದ 170 ಫ್ಯಾರನ್‌ಹೀಟ್ ನಡುವೆ ಎಲ್ಲೋ ಬಂದು ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ. ಆಗ ಬೆಂಕಿಯ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ. ಮಾಂಸದ ಮೇಲ್ಮೈಯಿಂದ ತೇವ ಆರುತ್ತಾ ತಣ್ಣಗಾಗಿಸುವುದೇ ಇದಕ್ಕೆ ಕಾರಣ, ಇದ್ದಿಲಿನ ದೋಷವಲ್ಲ. ಮೇಲೆ ಒಳ್ಳೆಯ ಬಣ್ಣ ಬಂದಿದ್ದರೆ ಮಾಂಸ ಸುತ್ತುವ ಕಾಗದದಲ್ಲೋ ಅಲ್ಯೂಮಿನಿಯಂ ಹಾಳೆಯಲ್ಲೋ ಸುತ್ತಿ ಮುಂದುವರಿಸಿ. ಭುಜದ ಮಾಂಸ 195ರಿಂದ 203 ಮುಟ್ಟಿ, ಮೂಳೆ ಹಿಡಿದೆಳೆದರೆ ಸಲೀಸಾಗಿ ಕಳಚಿ ಬಂದರೆ ಆಯಿತು.

ಕಮಾಡೋ, ಅಂದರೆ ದಪ್ಪ ಪಿಂಗಾಣಿಯ ಮೊಟ್ಟೆಯಾಕಾರದ ಒಲೆ ಇರುವ ಓದುಗರಿಗೂ ಜೋಡಣೆ ಇದೇ. ಆದರೆ ಅದರ ಗೋಡೆ ಒಮ್ಮೆ ಕಾದರೆ ಸುಲಭವಾಗಿ ತಣಿಯುವುದಿಲ್ಲ. ಒಂದೇ ಕಡೆ ಹೊತ್ತಿಸಿ, ಗುರಿಗಿಂತ 50 ಡಿಗ್ರಿ ಮೊದಲೇ ಕಿಂಡಿಗಳನ್ನು ಕೂದಲೆಳೆಯಷ್ಟು ಸಂದಿಗೆ ತನ್ನಿ. ಕಿಂಡಿಗಳನ್ನು ಮುಚ್ಚಿಟ್ಟಿದ್ದ ಮುಚ್ಚಳವನ್ನು ಒಮ್ಮೆಲೇ ಎತ್ತಿದರೆ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೆ ಚಿಮ್ಮುತ್ತದೆ. ಒಂದಿಂಚು ಎತ್ತಿ, ಕೆಲವು ಕ್ಷಣ ತಡೆದು, ಆಮೇಲೆ ತೆರೆಯಿರಿ.

ಅಡುಗೆ ಮುಗಿದ ಮೇಲೆ ಮೇಲಿನ, ಕೆಳಗಿನ ಕಿಂಡಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿಬಿಡಿ. ಇಷ್ಟು ಹೊತ್ತು ಬೇಡವೆಂದ ಉಸಿರುಕಟ್ಟುವಿಕೆಗೆ ಈಗ ಕಾಲ. ಕೆಂಡ ನಂದಿ ಉಳಿದ ಇದ್ದಿಲು ಮುಂದಿನ ಸಲಕ್ಕೆ ಸಿಗುತ್ತದೆ. ಅದನ್ನು ಅಲುಗಾಡಿಸಿ ಬೂದಿ ಉದುರಿಸಿ, ಹೊಸದರ ಜೊತೆ ಸೇರಿಸಿ. ಒಮ್ಮೆ ಕೆಂಡವಾಗಿ ಆರಿದ್ದು ಬೇಗ ಹೊತ್ತಿಕೊಳ್ಳುವುದರಿಂದ ಚಿಮ್ನಿಗೆ ಅದನ್ನೇ ಹಾಕುವುದು ಅನುಕೂಲ. ಬೂದಿಯಲ್ಲಿ ಕಣ್ಣಿಗೆ ಕಾಣದ ಕಿಡಿ ಮರುದಿನದವರೆಗೂ ಬದುಕಿರಬಲ್ಲದು. ಮುಚ್ಚಳವಿರುವ ಲೋಹದ ಬಕೆಟ್‌ನಲ್ಲಿ, ಮರದ ಜಗಲಿಯಿಂದ ದೂರ, ಎರಡು ದಿನ ಇಟ್ಟ ಮೇಲೆಯೇ ಕಸಕ್ಕೆ ಹಾಕಿ. ಹ್ಯೂಸ್ಟನ್‌ನ ಹವೆಯಲ್ಲಿ ಬಾಯಿ ಬಿಚ್ಚಿಟ್ಟ ಇದ್ದಿಲ ಚೀಲ ತೇವ ಎಳೆದುಕೊಳ್ಳುತ್ತದೆ. ಆಮೇಲೆ ಅದು ಹೊತ್ತಲು ಸತಾಯಿಸುತ್ತದೆ, ಸಿಡಿಯುತ್ತದೆ, ಮತ್ತೆ ಅದೇ ಬಿಳಿ ಹೊಗೆ. ಬಿಗಿ ಮುಚ್ಚಳದ ಡ್ರಮ್ಮಿಗೆ ತುಂಬಿಸಿ, ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಯ ಮೇಲಿಡಿ.